ಮಾನಿಟರಿಗೆ ಇಟ್ಟ ಬೊಟ್ಟು

ಮೊದಲೇ ಹೇಳಿಬಿಡ್ತೀನಿ, ಇದರಲ್ಲಿ ಬರೋ ಪ್ರತಿ ಮಾತೂ ನಿಜ. ಬೇಕಾದರೆ ನಮ್ಮ ಬೀದಿ ಗಣಪನ ಮುಂದೆ ಚಪ್ಪಲಿ ಬಿಟ್ಟು ನಿಂತು ಹೇಳೋಕೂ ತಯಾರು. ಕಂಪ್ಯೂಟರ್ ಎದುರು ಕೂತ ದಿನದಿಂದ ನನಗೆ ಇಂಥವು ಆಗ್ತಾನೇ ಇವೆ. ಪ್ರತಿಭೆ ಇದ್ದವರಿಗೇ ಆಗೋದು ಇವೆಲ್ಲ.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ವಿಜಯನಗರದ ಒಂದು ಟ್ಯುಟೋರಿಯಲ್‌ನಲ್ಲಿ ಅಕೌಂಟ್ಸ್ ಪಾಠ ಹೇಳ್ತಿದ್ದೆ. ಅದನ್ನು ನಡೆಸುತ್ತಿದ್ದ ಮೇಡಂ, ತರಗತಿಗೆ ಬರೋಕಾಗದವರೂ ಕಲೀಲಿ ಅಂತ ಒಂದು ವೆಬ್‌ಸೈಟ್ ಮಾಡಿಸಿದರು. ತೆರೆದು ನೋಡಿದರೆ ಅದರಲ್ಲಿ ಕ್ಯಾಲೆಂಡರ್, ಗಡಿಯಾರ, ಹವಾಮಾನ, ದಿನಭವಿಷ್ಯ, ಹರಟೆಗೊಂದು ಡಬ್ಬಿ, ಎಲ್ಲ ಇತ್ತು. ಪಾಠ ಮಾತ್ರ ಕರೆಯದೆ ಮದುವೆಗೆ ಬಂದವನ ಹಾಗೆ ಮೂಲೆಯಲ್ಲಿ ನಿಂತಿತ್ತು. ಬೇಡದ್ದನ್ನೆಲ್ಲ ಮರೆಮಾಡೋ ಅಧಿಕಾರವನ್ನು ಮೇಡಂ ನನಗೆ ಕೊಟ್ಟರು. ಕೆಂಗೇರಿಯಿಂದ ರಾಜಾಜಿನಗರದವರೆಗೆ ಅಂಥ ಅಧಿಕಾರ ಇದ್ದವನು ನಾನೊಬ್ಬನೇ.

ಕಣ್ಣು

ನಾನು ಲಾಗಿನ್ ಆದರೆ ಪುಟದಲ್ಲಿದ್ದ ಪ್ರತಿಯೊಂದರ ಪಕ್ಕ ಒಂದು ಪುಟ್ಟ ಕಣ್ಣಿನ ಚಿತ್ರ ಬರ್ತಿತ್ತು. ಅದನ್ನು ಒತ್ತಿದರೆ ಕಣ್ಣು ಮುಚ್ಚಿಕೊಳ್ಳುತ್ತೆ, ಪಕ್ಕದ್ದು ಮಾಯ. ಮೊದಲ ದಿನವೇ ದಿನಭವಿಷ್ಯ ತೆಗೆದೆ. ಅವತ್ತು ನನ್ನ ರಾಶಿಗೆ "ಹೊಸ ಕೆಲಸಕ್ಕೆ ಕೈ ಹಾಕಬೇಡಿ" ಅಂತ ಇತ್ತು.

ಆಮೇಲೆ ಸೈಟ್ ಮಾಡಿಕೊಟ್ಟ ಎಂಜಿನಿಯರ್‌ಗೆ ಫೋನ್ ಮಾಡಿ, ತೆಗೆದದ್ದೆಲ್ಲ ಎಲ್ಲಿಗೆ ಹೋಗುತ್ತಪ್ಪಾ ಅಂತ ಕೇಳಿದೆ. "ಎಲ್ಲಿಗೂ ಹೋಗಲ್ಲ ಸಾರ್, ಅಲ್ಲೇ ಇರತ್ತೆ. ಮೇಲೆ ಬಿಳಿ ಬಣ್ಣ ಬಳಿದ ಹಾಗೆ, ಕಾಣಲ್ಲ ಅಷ್ಟೆ" ಅಂದ. ಇಷ್ಟು ಚಿಕ್ಕ ವಯಸ್ಸಿಗೆ ಎಂಥ ವೇದಾಂತ ಅಂತ ಮೆಚ್ಚಿ ಫೋನ್ ಇಟ್ಟೆ.

ಹಸಿರು ದೀಪ

ಪುಟದ ಬಲಗಡೆ ಇನ್ನೊಂದು ಡಬ್ಬಿ ಇತ್ತು. ಸೈಟ್‌ನಲ್ಲಿ ಈಗ ಯಾರ್ಯಾರು ಇದಾರೆ ಅಂತ ತೋರಿಸೋದು. ಇರೋರ ಹೆಸರಿನ ಮುಂದೆ ಹಸಿರು ದೀಪ. ಲಾಗೌಟ್ ಅನ್ನೋದೊಂದಿದೆ ಅಂತ ನನಗೆ ಗೊತ್ತಿರಲಿಲ್ಲ, ಹಾಗಾಗಿ ನನ್ನ ದೀಪ ಆರ್ತಾನೇ ಇರಲಿಲ್ಲ. ಭಾನುವಾರವೂ ದುಡೀತಾರೆ, ಇವರನ್ನು ನೋಡಿ ಕಲೀರಿ ಅಂತ ಮೇಡಂ ಉಳಿದ ಮೇಷ್ಟ್ರುಗಳಿಗೆಲ್ಲ ನನ್ನ ದೀಪ ತೋರಿಸಿದರಂತೆ. ಒಳ್ಳೇ ಮಾತಿಗೆ ಅಡ್ಡ ಬರೋ ಸ್ವಭಾವ ನನ್ನದಲ್ಲ.

ಮುಂದಿನ ಭಾನುವಾರ ಕೆಂಗೇರಿಯ ಒಂದು ಮದುವೆಯಲ್ಲಿ ಎರಡನೇ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ತಾ ತಲೆ ಎತ್ತಿದರೆ, ಎದುರು ಪಂಕ್ತಿಯಲ್ಲಿ ಮೇಡಂ. "ಏನ್ ಸಾರ್, ಇಲ್ಲಿಂದಲೇ ಕೆಲಸಾನಾ?" ಅಂದರು. ಸೋಮವಾರ ಬೆಳಿಗ್ಗೆ, ವಿದ್ಯಾರ್ಥಿಗಳ ಏಕಾಗ್ರತೆಯ ದೃಷ್ಟಿಯಿಂದ, ಆ ಡಬ್ಬಿಯನ್ನು ಮರೆಮಾಡಿದೆ.

ಬೊಟ್ಟು

ನಮ್ಮ ಆನ್‌ಲೈನ್ ವಿದ್ಯಾರ್ಥಿಗಳಲ್ಲಿ ಮಾರೇನಹಳ್ಳಿಯ ಒಬ್ಬ ಗೃಹಿಣಿ ಇದ್ದರು. ಮದುವೆಗೆ ಬಿಟ್ಟ ಓದನ್ನು ಮಗಳು ಹೈಸ್ಕೂಲ್ ಸೇರಿದ ಮೇಲೆ ಮತ್ತೆ ಹಿಡಿದವರು. ರಾಜಾಜಿನಗರದ ಬೋಲ್ಟ್ ಕಾರ್ಖಾನೆಯೊಂದರಲ್ಲಿ ಅವರಿಗೆ ಲೆಕ್ಕ ಬರೆಯೋ ಕೆಲಸ ಕಾದಿತ್ತು. ಶನಿವಾರದ ಪರೀಕ್ಷೆ ಪಾಸಾಗಿ ಸೋಮವಾರ ಸರ್ಟಿಫಿಕೇಟ್ ತೋರಿಸಿದರೆ ಸರಿ, ಇಲ್ಲದಿದ್ದರೆ ಬೇರೆಯವರಿಗೆ.

ಮನೇಲಿ ಕಂಪ್ಯೂಟರ್ ಇಲ್ಲ ಅಂತ ಆನ್‌ಲೈನ್ ಪಾಠಕ್ಕೆ ಅವರು ದಿನಾ ಟ್ಯುಟೋರಿಯಲ್‌ಗೇ ಬಂದು ಕಿಟಕಿ ಪಕ್ಕದ ಕಂಪ್ಯೂಟರಿನಲ್ಲಿ ಕೂರ್ತಿದ್ದರು. ಒಂದು ದಿನ ನೋಡ್ತೀನಿ, ಮಾನಿಟರಿನ ಪರದೆಯ ಕೆಳಗಿನ ಮೂಲೆಯಲ್ಲಿ ಒಂದು ಹಸಿರು ಸ್ಟಿಕ್ಕರ್ ಬೊಟ್ಟು. ಕೆರೆಯೋಕೆ ಹೋದೆ.

"ತೆಗೀಬೇಡಿ ಸಾರ್. ಅದರ ಕೆಳಗೆ 'ಒಪ್ಪಿಸಿ' ಅನ್ನೋ ಬಟನ್ ಇದೆ. ಅರ್ಧ ಬರೆಯೋಷ್ಟರಲ್ಲಿ ಕೈ ತಗುಲಿ ಪೇಪರ್ ಹೊರಟೇಹೋಗತ್ತೆ. ನಮ್ಮನೇಲೂ ಮುಟ್ಟಬಾರದ್ದಕ್ಕೆಲ್ಲ ಬೊಟ್ಟು ಅಂಟಿಸಿರ್ತೀನಿ. ಗೀಸರ್ ಸ್ವಿಚ್ಚಿಗೆ, ಮೋಟಾರ್ ಸ್ವಿಚ್ಚಿಗೆ."

ಹೌದು, ಪುಟ ಎಷ್ಟೇ ಸರಿದರೂ ಆ ಬಟನ್ ಮಾತ್ರ ಮೂಲೆ ಬಿಟ್ಟು ಕದಲ್ತಿರಲಿಲ್ಲ. ಮನೆಯವರು ಏನೂ ಅನ್ನಲ್ವೇ ಅಂತ ಕೇಳಿದೆ. "ಅವರ ಬಾಯಿಗೂ ಒಂದು ಅಂಟಿಸೋಣ ಅಂದ್ರೆ ಮೀಸೆ ಅಡ್ಡ ಬರತ್ತೆ ಸಾರ್" ಅಂದರು.

ಪರೀಕ್ಷೆ

ಶನಿವಾರ ಬೆಳಿಗ್ಗೆ ಆಯಮ್ಮನಿಗೆ ಯಾವ ಅಡ್ಡಿಯೂ ಇರಬಾರದು ಅಂತ ಪರೀಕ್ಷೆ ಪುಟದಲ್ಲಿ ಬೇಕಾದ್ದಷ್ಟು ಬಿಟ್ಟು ಉಳಿದ ಕಣ್ಣೆಲ್ಲ ಮುಚ್ಚಿ, ನನ್ನ ಕಂಪ್ಯೂಟರ್ ಆರಿಸಿ, ಕೈ ಕಟ್ಟಿ ಅವರ ಹಿಂದೆ ನಿಂತೆ. ಪುಟ ಆಗತಾನೇ ಸುಣ್ಣ ಹೊಡೆದ ಗೋಡೆ ಥರ ಇತ್ತು. ಪ್ರಶ್ನೆ, ಉತ್ತರ, ಉಳಿದ ಸಮಯ, ಅಷ್ಟೆ. ಅವರು ಹೂ ಕಟ್ಟಿದ ಹಾಗೆ ಸರಸರ ಬರೆದು ಮುಗಿಸಿ, ತಿರುಗಿ ಕೇಳಿದರು: "ಸಾರ್, ಒಪ್ಪಿಸೋ ಬಟನ್ ಕಾಣ್ತಿಲ್ಲ."

ಎಲ್ಲಿಂದ ಕಾಣಬೇಕು, ಅದರ ಕಣ್ಣನ್ನೂ ನಾನೇ ಮುಚ್ಚಿದ್ದೆ. ಸಮಯ ಮುಗಿಯೋದರೊಳಗೆ ಒಪ್ಪಿಸದಿದ್ದರೆ ಬರೆದದ್ದೆಲ್ಲ ನೀರುಪಾಲು. ಉಳಿದದ್ದು ಎರಡೇ ನಿಮಿಷ, ನನ್ನ ಕಂಪ್ಯೂಟರ್ ಮತ್ತೆ ಹತ್ತೋಷ್ಟರಲ್ಲಿ ಒಂದು ಕುಕ್ಕರ್ ಅನ್ನ ಆಗುತ್ತೆ. ಎಂಜಿನಿಯರ್ ಫೋನ್ ಎತ್ತಲಿಲ್ಲ. ಆಯಮ್ಮನ ಕಣ್ಣಲ್ಲಿ ನೀರು, ನನ್ನ ಬೆನ್ನಲ್ಲಿ ಬೆವರು.

ಆಗ ಅವರು ಮೆಲ್ಲಗೆ, "ಬೊಟ್ಟು ಇಲ್ಲೇ ಇದೆಯಲ್ಲ ಸಾರ್" ಅಂದರು.

ಅಲ್ಲೇ ಇರತ್ತೆ, ಕಾಣಲ್ಲ ಅಷ್ಟೆ. ಎಂಜಿನಿಯರನ ವೇದಾಂತ ನೆನಪಾಯ್ತು. ಮೌಸಿನ ಬಾಣವನ್ನು ಬೊಟ್ಟಿನ ಕೆಳಗೆ ತಗೊಂಡು ಹೋಗಿ ಅಂದೆ. ಬಿಳಿ ಜಾಗದಲ್ಲಿ ಬಾಣ ಹೋಗಿ ಪುಟ್ಟ ಕೈ ಆಯಿತು. "ಒತ್ತಮ್ಮಾ" ಅಂದೆ. ಒತ್ತಿದರು. ಪೇಪರ್ ಹೋಯಿತು.

ಪಾಸಾದರು, ಕೆಲಸವೂ ಸಿಕ್ಕಿತು. ಮೊದಲ ಸಂಬಳದಲ್ಲಿ ಮೈಸೂರು ಪಾಕ್ ತಂದು, "ನೀವಿಲ್ಲದಿದ್ದರೆ ಇದೆಲ್ಲ ಆಗ್ತಾನೇ ಇರಲಿಲ್ಲ ಸಾರ್" ಅಂದರು. ಒಪ್ಪಿಕೊಂಡೆ. ನಾನಿಲ್ಲದಿದ್ದರೆ ಆ ಬಟನ್ ಕಾಣೆಯಾಗ್ತಾನೇ ಇರಲಿಲ್ಲ. ಅವತ್ತು ನನ್ನ ಮಾನ ಉಳಿಸಿದ ಆ ಬೊಟ್ಟಿಗೆ ಈಗಲೂ ಮನಸ್ಸಲ್ಲೇ ಕೈ ಮುಗೀತೀನಿ. ನಾನು ಆ ಕೆಲಸ ಬಿಡೋವರೆಗೂ ಮಾನಿಟರಿನ ಮೇಲಿಂದ ಅದನ್ನು ತೆಗೆಯೋಕೆ ಯಾರನ್ನೂ ಬಿಡಲಿಲ್ಲ.

ಒಂದೇ ಒಂದು ಸಣ್ಣ ವಿಷಯ ಮಾತ್ರ ನಾನು ಕಟ್ಟಿ ಹೇಳಿದ್ದು: ಬೊಟ್ಟು ಹಸಿರು ಅನ್ನೋದು. ನಿಜವಾದ ಬಣ್ಣ ಚೆನ್ನಾಗಿ ನೆನಪಿದೆ. ಆದರೆ ನಾನು ಬರೆದದ್ದನ್ನು ಮೊದಲು ಓದೋಳು ನನ್ನ ಹೆಂಡತಿ. ಇಷ್ಟು ವರ್ಷದ ಹಿಂದಿನ ಬೇರೆಯವರ ಬೊಟ್ಟಿನ ಬಣ್ಣ ನೆನಪಿದೆಯಲ್ಲ, ಇವತ್ತು ಬೆಳಿಗ್ಗೆ ನಾನಿಟ್ಟದ್ದು ಯಾವ ಬಣ್ಣ ಅಂತ ಅವಳು ಕೇಳಿದರೆ, ನಾನು ಅದನ್ನು ನೋಡೇ ಇಲ್ಲ.