ಅಭ್ಯಾಸ ನಡೆಯುತ್ತಿದೆ, ಮೆಟ್ಟಿಲು ಬಳಸಿ

ಇಷ್ಟಕ್ಕೆಲ್ಲ ಕಾರಣ ನಾಲ್ಕು ರಟ್ಟು. ‘ಅಭ್ಯಾಸ ನಡೆಯುತ್ತಿದೆ, ಮೆಟ್ಟಿಲು ಬಳಸಿ’ ಎಂದು ಮಗಳು ನೀಲಿ ಸ್ಕೆಚ್ ಪೆನ್ನಿನಲ್ಲಿ ಬರೆದುಕೊಟ್ಟಿದ್ದಳು. ಅವನು ನಾಲ್ಕೂ ಅಂತಸ್ತಿನ ಲಿಫ್ಟ್ ಬಾಗಿಲಿಗೆ ಒಂದೊಂದು ನೇತುಹಾಕಿದ್ದ. ನಿನ್ನೆ ತೆಗೆಯಲು ಮರೆತಿದ್ದ.

ಕಟ್ಟಡದವರ ಬಾಯಲ್ಲಿ ಅವನು ಹೆಣದಣ್ಣ. ಹದಿನೆಂಟು ವರ್ಷದಿಂದ ಸಿನಿಮಾಗಳಲ್ಲಿ ಹೆಣವಾಗಿ ಮಲಗುವುದೇ ಅವನ ಕಸುಬು. ನೊಣ ಮೂಗಿನ ಮೇಲೆ ಕೂತರೂ ಅಲುಗುತ್ತಿರಲಿಲ್ಲ. ಆದರೆ ಹೆಣಕ್ಕೆ ಬಟ್ಟೆ ಹೊದಿಸುವುದು ವಾಡಿಕೆ. ಹೀಗಾಗಿ ಅವನ ಮುಖ ಒಮ್ಮೆಯೂ ತೆರೆಯ ಮೇಲೆ ಬಂದಿರಲಿಲ್ಲ. ಒಂದು ಸಿನಿಮಾದಲ್ಲಿ ಬಟ್ಟೆ ಗಿಡ್ಡವಾಗಿ ಬಲಗಾಲಿನ ಹೆಬ್ಬೆರಳು ಕಂಡಿತ್ತು. “ಅದು ನಮ್ಮಪ್ಪಂದು” ಎಂದು ಮಗಳು ತರಗತಿಗೆಲ್ಲ ಹೇಳಿಕೊಂಡು ಬಂದಳು. “ಮುಖ ಬಂದಾಗ ಹೇಳು” ಎಂದು ಹುಡುಗಿಯರು ನಕ್ಕರು. ಅವಳು ಆ ದಿನ ಊಟ ಮಾಡಲಿಲ್ಲ.

ಈಗ ಮುಖ ಬರುವ ಕಾಲ ಬಂದಿತ್ತು. ತೊಂಬತ್ತು ನಿಮಿಷದ ಸಿನಿಮಾ, ಒಬ್ಬನೇ ನಟ, ಕೆಟ್ಟು ನಿಂತ ಒಂದು ಲಿಫ್ಟ್. ಹೆಸರು ಮಾಡಿದ ನಟರೆಲ್ಲ ಡಬ್ಬಿಯೊಳಗೆ ಕೂರಲು ಒಪ್ಪದೆ ಪಾತ್ರ ಇವನವರೆಗೆ ಇಳಿದಿತ್ತು. ಇವತ್ತು ನಾಲ್ಕಕ್ಕೆ ನಿರ್ದೇಶಕನ ಮುಂದೆ ಅಭಿನಯಿಸಿ ತೋರಿಸಬೇಕು. ಅದಕ್ಕಾಗಿ ಒಂದು ವಾರದಿಂದ ದಿನಾ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಲಿಫ್ಟನ್ನು ಅಂತಸ್ತುಗಳ ನಡುವೆ ನಿಲ್ಲಿಸಿಕೊಂಡು “ಕಾಪಾಡಿ” ಎಂದು ಅರಚುತ್ತಿದ್ದ. ಕಟ್ಟಡ ಸಂಘದ ಕಾರ್ಯದರ್ಶಿ ಅನುಮತಿ ಕೊಟ್ಟಿದ್ದರು. ಜನರ ನಿದ್ದೆ ಕೆಡುತ್ತದೆಂದು ಅಪಾಯದ ಗಂಟೆಯ ತಂತಿಯನ್ನೂ ಅವರೇ ಬಿಚ್ಚಿಸಿದ್ದರು.

ಎರಡೂವರೆಗೆ ಇಸ್ತ್ರಿ ಅಂಗಿ ತೊಟ್ಟು, ನಿರ್ದೇಶಕನ ಬಳಿಗೆ ಹೊರಟು ಅವನು ಲಿಫ್ಟ್ ಹತ್ತಿದ. ಅದು ಮೂರನೇ ಅಂತಸ್ತಿಗೂ ಎರಡನೇ ಅಂತಸ್ತಿಗೂ ನಡುವೆ ಕೆಮ್ಮು ಹತ್ತಿದ ಮುದುಕನಂತೆ ನಾಲ್ಕು ಸಲ ಅಲುಗಿ ನಿಂತುಬಿಟ್ಟಿತು. ಎಲ್ಲ ಗುಂಡಿ ಒತ್ತಿದ. ಫೋನಿಗೆ ಸಿಗ್ನಲ್ ಇಲ್ಲ.

“ಯಾರಾದ್ರೂ ಬನ್ನಿ! ಸಿಕ್ಕಾಕೊಂಡಿದ್ದೀನಿ!”

ಮೆಟ್ಟಿಲಲ್ಲಿ ಚಪ್ಪಲಿ ಸದ್ದು ನಿಂತಿತು. ನಿವೃತ್ತ ಲೆಕ್ಕದ ಮೇಷ್ಟ್ರು.

“ಶುರು ಮಾಡಿದ್ಯೇನಪ್ಪ? ಮಾಡು, ಮಾಡು.”

“ಮೇಷ್ಟ್ರೇ, ಅಭ್ಯಾಸ ಅಲ್ಲ. ಲಿಫ್ಟ್ ನಿಜವಾಗ್ಲೂ ಕೆಟ್ಟಿದೆ.”

“ಇದನ್ನೇ ಸೋಮವಾರನೂ ಹೇಳಿದ್ದೆ. ನಾನು ನಂಬಿ ಮೆಕ್ಯಾನಿಕ್ಕಿಗೆ ಫೋನ್ ಮಾಡಿ ಬೈಸಿಕೊಂಡೆ.”

“ಸೋಮವಾರ ಹೇಳಿದ್ದು ಡೈಲಾಗು!”

“ಹಾಂ, ಇವತ್ತು ಆ ಡೈಲಾಗಿಗೆ ಸ್ವಲ್ಪ ಜೀವ ಬಂದಿದೆ.” ಮೇಷ್ಟ್ರು ಮೆಟ್ಟಿಲ ಮೇಲೆ ಕೂತೇಬಿಟ್ಟರು.

ಮೇಲಿನ ಮನೆಯ ದರ್ಜಿ ಅಕ್ಕ ಕಾಜಾ ಹೊಲಿಯುತ್ತಲೇ ಇಳಿದು ಬಂದಳು. ಹಿಂದೆಯೇ ಕಾರ್ಯದರ್ಶಿ ಮಡಚುವ ಕುರ್ಚಿ ಹಿಡಿದು ಬಂದರು.

“ಅಣ್ಣಾ, ನಿನ್ನೆ ಅತ್ತಿದ್ದು ಚೆನ್ನಾಗಿತ್ತು” ಎಂದಳು ದರ್ಜಿ ಅಕ್ಕ. “ಇವತ್ತು ಬರೀ ಕಿರುಚಾಟ. ಕರುಳು ಕಿತ್ತು ಬರೋ ಹಾಗಿಲ್ಲ.”

ಅವನು ಬಾಗಿಲು ಗುದ್ದಿದ. ಮಗಳ ಮೇಲೆ ಆಣೆ ಇಟ್ಟ. “ಆಣೆ ಹೊಸದು” ಎಂದರು ಕಾರ್ಯದರ್ಶಿ. ಗಡಿಯಾರ ನಾಲ್ಕು ತೋರಿಸಿದಾಗ ಅವನು ನೆಲಕ್ಕೆ ಕುಸಿದು ನಿಜವಾಗಿಯೇ ಅತ್ತ. ದರ್ಜಿ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, “ಈಗ ಬಂತು ನೋಡಿ” ಎಂದಳು.

ನಾಲ್ಕೂವರೆ ಹೊತ್ತಿಗೆ ಮೆಟ್ಟಿಲು ತುಂಬಿಹೋಗಿತ್ತು. ಎಲ್ಲರ ಹಿಂದೆ ಟೋಪಿ ಹಾಕಿದ ಹೊಸಬನೊಬ್ಬ ಸದ್ದಿಲ್ಲದೆ ಬಂದು ಕೂತದ್ದನ್ನು ಯಾರೂ ಗಮನಿಸಲಿಲ್ಲ.

ಅತ್ತು ಮುಗಿದ ಮೇಲೆ ಅವನಿಗೆ ಸಿಟ್ಟು ಬಂತು. ಹದಿನೆಂಟು ವರ್ಷ ಬಾಯಿ ಮುಚ್ಚಿ ಮಲಗಿದವನ ಸಿಟ್ಟು.

“ಕೇಳಿ ಹಾಗಾದ್ರೆ! ಕಟ್ಟಡದ ಹೂಕುಂಡಗಳೆಲ್ಲ ಎಲ್ಲಿ ಹೋದ್ವು? ಕಾರ್ಯದರ್ಶಿ ಬಾಲ್ಕನಿಗೆ ಹೋಗಿ ನೋಡಿ!”

ಮೇಷ್ಟ್ರು ತೊಡೆ ತಟ್ಟಿ ನಕ್ಕರು. ಕಾರ್ಯದರ್ಶಿ, “ಇದೆಲ್ಲ ಕತೆಗೆ ಬೇಕಾದ ಕಲ್ಪನೆ” ಎಂದರು.

“ನಿಮ್ಮ ಪೇಪರಿನ ಪದಬಂಧ ದಿನಾ ಬೆಳಿಗ್ಗೆ ಅರ್ಧ ತುಂಬಿರುತ್ತಲ್ಲ, ಅದು ಮೇಷ್ಟ್ರ ಕೈಬರಹ! ದರ್ಜಿ ಅಕ್ಕನ ಮನೆಯ ದಿಂಬಿನ ಚೀಲಗಳನ್ನ ನೋಡಿ, ನಿಮ್ಮೆಲ್ಲರ ರವಿಕೆ ಬಟ್ಟೆ ಅಲ್ಲಿದೆ!”

ತನ್ನದು ಬಂದಾಗ ಒಬ್ಬೊಬ್ಬರೂ ಸುಮ್ಮನಾದರು, ಪಕ್ಕದವರದು ಬಂದಾಗ ಶಿಳ್ಳೆ ಹೊಡೆದರು. ಅವನು ಅಂತಸ್ತು ಅಂತಸ್ತಾಗಿ ಇಡೀ ಕಟ್ಟಡವನ್ನು ಬಿಚ್ಚಿಟ್ಟ. ನಡುನಡುವೆ ನಕ್ಕ, ಹಾಡಿದ, ಮಗಳ ಕ್ಷಮೆ ಕೇಳಿದ. ಮೆಟ್ಟಿಲ ಮೇಲೆ ಚಪ್ಪಾಳೆ ನಿಲ್ಲಲಿಲ್ಲ.

ಟೋಪಿಯವನು ಮೇಷ್ಟ್ರ ಕಿವಿಯಲ್ಲಿ ಹೇಳಿದ: “ಸ್ಕ್ರಿಪ್ಟ್ ಬರೆದವನು ನಾನು. ಇದರಲ್ಲಿ ಒಂದು ಮಾತೂ ನಂದಲ್ಲ. ಅವರು ನಿಜವಾಗ್ಲೂ ಸಿಕ್ಕಾಕೊಂಡಿದ್ದಾರೆ.”

“ಅಯ್ಯೋ, ಮೆಕ್ಯಾನಿಕ್ಕಿಗೆ ಹೇಳಣ!”

“ಹತ್ತು ನಿಮಿಷ ತಡೀರಿ. ಮುಗಿಸ್ಲಿ.”

ನಾಲ್ಕಾದರೂ ನಟ ಬರದೆ, ಫೋನೂ ಸಿಗದ್ದಕ್ಕೆ ಮನೆಗೇ ಹೋಗಿ ಬೈದು ಬರೋಣವೆಂದು ಹೊರಟಿದ್ದ ನಿರ್ದೇಶಕ ಈ ಟೋಪಿಯವನೇ.

ಮೆಕ್ಯಾನಿಕ್ ಬಂದು ಬಾಗಿಲು ತೆಗೆದಾಗ ಐದೂವರೆ. ಶಾಲೆಯಿಂದ ಬಂದ ಮಗಳು ಜನರ ನಡುವೆ ನುಸುಳಿ ಮುಂದೆ ನಿಂತಿದ್ದಳು. ಅವನು ಹಿಂಡಿದ ಬಟ್ಟೆಯಂತೆ ಹೊರಬಂದ. ಅಲ್ಲಿದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೈಗುಳ ತಿಂದವರೇ ಜೋರಾಗಿ ತಟ್ಟಿದರು.

“ಪಾತ್ರ ನಿಮ್ಮದು ಸರ್” ಎಂದು ನಿರ್ದೇಶಕ ಅವನ ಕೈ ಹಿಡಿದುಕೊಂಡ. “ಇಂಥ ಅಭಿನಯ ನಾನು ನೋಡಿಲ್ಲ. ಅಂದ್ರೆ, ಕೇಳಿಲ್ಲ.”

ಅವನು ಮಗಳನ್ನು ಎತ್ತಿಕೊಂಡ. ಹದಿನೆಂಟು ವರ್ಷ ಹೆಣವಾಗಿ ಮಲಗಿದ ಬೆನ್ನು ಅಂದು ನೆಟ್ಟಗಾಯಿತು.

“ಇಲ್ಲಿ ಕೂತು ಕೇಳ್ತಿದ್ದಾಗ ನಂಗೊಂದು ಹೊಳೀತು” ಎಂದ ನಿರ್ದೇಶಕ. “ಕ್ಯಾಮೆರಾ ಒಳಗೆ ಹೋಗಲೇಬಾರದು. ಮುಚ್ಚಿದ ಬಾಗಿಲು, ಹೊರಗೆ ಈ ಮುಖಗಳು. ಒಳಗಿಂದ ನಿಮ್ಮ ದನಿ ಮಾತ್ರ.”

ಕಾರ್ಯದರ್ಶಿ ಆಗಲೇ ತಲೆ ಬಾಚತೊಡಗಿದ್ದರು.

“ನನ್ನ ಮುಖ?” ಎಂದ ಅವನು.

“ಕೊನೇ ಶಾಟಲ್ಲಿ ಬಾಗಿಲು ತೆಗೆದು ನಿಮ್ಮನ್ನ ಹೊರಗೆ ತರ್ತಾರೆ.”

“ಆಗ ನಾನು ಏನು ಹೇಳ್ಬೇಕು?”

“ಏನೂ ಬೇಡ. ಅಷ್ಟೊತ್ತಿಗೆ ಸತ್ತೋಗಿರ್ತೀರ. ಬಿಳಿ ಬಟ್ಟೆ ಹೊದಿಸಿರ್ತೀವಿ.”

ಮಗಳು ಅವನ ತೋಳಿನಿಂದ ಇಳಿದು ನಿರ್ದೇಶಕನ ಎದುರು ನಿಂತಳು.

“ಅಂಕಲ್, ಹೆಬ್ಬೆರಳು ಕಾಣುತ್ತಾ?”

ನಿರ್ದೇಶಕ ಕಣ್ಣು ಮುಚ್ಚಿ ಯೋಚಿಸಿದ. “ಕಾಣಿಸೋಣ. ಕ್ಲೋಸಪ್ಪಲ್ಲೇ.”

“ಪೂರ್ತಿ ತೆರೆ ತುಂಬ?”

“ಪೂರ್ತಿ ತೆರೆ ತುಂಬ.”

ಮಗಳು ಗೆದ್ದವಳಂತೆ ಅಪ್ಪನ ಕಡೆ ತಿರುಗಿದಳು. ಅವನು ಮೆಟ್ಟಿಲ ಮೇಲೆ ಕೂತು ಬಲಗಾಲಿನ ಬೂಟು ಬಿಚ್ಚಿದ. ಉಗುರು ಬೆಳೆದಿತ್ತು.