ಹಸುವಿಗೆ ಅಂತ ಹೇಳಿದ್ದ ಇಂಜೆಕ್ಷನ್

ಸೋಮಶೇಖರನ ಬಲಗೈ ಪಕ್ಕದ ಮನೆಯ ಮಲ್ಲಾಜಮ್ಮನ ಫ್ರಿಜ್ಜಿನೊಳಗೆ ಭುಜದವರೆಗೂ ಹೋಗಿತ್ತು. ಇಡ್ಲಿ ಹಿಟ್ಟು ಸಿಕ್ಕಿತು, ಯಾರದೋ ಮಲ್ಲಿಗೆ ಮೊಗ್ಗು ಸಿಕ್ಕಿತು, ತಣ್ಣಗೆ ಮಲಗಿದ್ದ ಅರ್ಧ ಹೋಳು ತೆಂಗಿನಕಾಯಿಯೂ ಸಿಕ್ಕಿತು. ನೀಲಿ ಡಬ್ಬಿ ಮಾತ್ರ ಸಿಗಲಿಲ್ಲ.

“ಅಮ್ಮಾ, ನಿನ್ನೆ ಇಲ್ಲೊಂದು ಇಂಜೆಕ್ಷನ್ ಇಟ್ಟಿದ್ನಲ್ಲ!”

“ಅದಾ? ಈಗ್ತಾನೇ ದನಿನ್ ಆಸ್ಪತ್ರೆ ಚಿಕ್ಕಸ್ವಾಮಿ ತಕ್ಕೊಂಡೋದ,” ಅಡುಗೆಮನೆಯಿಂದ ಮಲ್ಲಾಜಮ್ಮ ಕೂಗಿದರು. “ನಮ್ ಹಸೂಗೆ ಚುಚ್ಚೋಕೆ ಕಣಪ್ಪ.”

ಸೋಮಶೇಖರನ ತಲೆ ಫ್ರಿಜ್ಜಿನ ಬಾಗಿಲಿಗೆ ಬಡಿಯಿತು. ಗಂಟೆ ಐದೂಕಾಲು. ಆರಕ್ಕೆ ಸರಿಯಾಗಿ ಆ ಇಂಜೆಕ್ಷನ್ ಅವನ ಹೆಂಡತಿ ಚೈತ್ರಳಿಗೆ ಬೀಳಬೇಕಿತ್ತು.

ಮದುವೆಯಾಗಿ ಆರು ವರ್ಷ, ಮಕ್ಕಳಾಗಿರಲಿಲ್ಲ. ನಂಜನಗೂಡಿನಲ್ಲೇ ತೋರಿಸಿದರೆ ಬೀದಿಗೆಲ್ಲ ಗೊತ್ತಾಗುತ್ತದೆಂದು ಇಬ್ಬರೂ ಟಿ. ನರಸೀಪುರದ ಡಾಕ್ಟರಮ್ಮನ ಹತ್ತಿರ ಗುಟ್ಟಾಗಿ ಹೋಗಿಬರುತ್ತಿದ್ದರು. “ಐದು ದಿನದ ಈ ಮಾತ್ರೆ ಮಿದುಳಿಗೆ ಸುಳ್ಳು ಹೇಳುತ್ತೆ, ಹಾರ್ಮೋನು ಕಮ್ಮಿಯಾಗಿದೆ ಅಂತ,” ಎಂದಿದ್ದರು ಡಾಕ್ಟರಮ್ಮ. “ಮಿದುಳು ಗಾಬರಿಬಿದ್ದು ಅಂಡಾಶಯಕ್ಕೆ ಹುಕುಂ ಮೇಲೆ ಹುಕುಂ ಕಳಿಸುತ್ತೆ. ಅಂಡ ಬಲಿಯುತ್ತೆ. ಆಮೇಲೆ ಈ ಇಂಜೆಕ್ಷನ್ ಕೊಟ್ಟರೆ ಒಂದೂವರೆ ದಿನದಲ್ಲಿ ಆಚೆ ಬರುತ್ತೆ. ಹೊತ್ತು ತಪ್ಪಿಸಿದರೆ ಈ ತಿಂಗಳು ಹೋಯ್ತು ಅಂತಲೇ.”

ತಾಲ್ಲೂಕು ಆಫೀಸಿನ ಗುಮಾಸ್ತ ಸೋಮಶೇಖರನಿಗೆ ಇಷ್ಟು ಸಲೀಸಾಗಿ ಅರ್ಥವಾದ ವಿಜ್ಞಾನ ಇನ್ನೊಂದಿರಲಿಲ್ಲ. ಸುಳ್ಳು ವರದಿ ಹೋದರೆ ಮೇಲಿನವರು ಮೆಮೊ ಮೇಲೆ ಮೆಮೊ ಕಳಿಸುವುದನ್ನು ಅವನು ದಿನಾ ನೋಡುತ್ತಿದ್ದ.

ಇಂಜೆಕ್ಷನ್ ತಣ್ಣಗಿರಬೇಕು. ಬೀದಿಗೆಲ್ಲ ಇದ್ದದ್ದು ಮಲ್ಲಾಜಮ್ಮನ ಫ್ರಿಜ್ಜೊಂದೇ. ಯಾರಿಗಪ್ಪಾ ಇದು ಎಂದು ಅವರು ಕೇಳಿದಾಗ ಅವನೂ ಒಂದು ಸುಳ್ಳು ವರದಿ ಕೊಟ್ಟಿದ್ದ. “ನಮ್ಮೂರು ಬಿಳಿಗೆರೇಲಿರೋ ಹಸೂಗೆ ಅಮ್ಮಾ, ಗಬ್ಬ ನಿಲ್ತಿಲ್ಲ.”

ಈಗ ಹಿತ್ತಲಿಗೆ ಓಡಿದ. ಕೊಟ್ಟಿಗೆಯಲ್ಲಿ ಚಿಕ್ಕಸ್ವಾಮಿ ಸಿರಿಂಜನ್ನು ಬೆಳಕಿಗೆ ಹಿಡಿದು, ಅಕ್ಕಸಾಲಿ ಚಿನ್ನ ನೋಡುವಂತೆ ನೋಡುತ್ತಿದ್ದ.

“ಲೋ, ಚುಚ್ಚಬೇಡ ಕಣೋ!”

“ಯಾಕ್ ಸಾ?”

“ಅದು... ಅದು ನಮ್ಮ ಹಸೂದು!”

“ನಿಮ್ ಹಸ ಬಿಳಿಗೆರೇಲೈತೆ. ಇದು ಇಲ್ಲೇ ನಿಂತೈತಲ್ಲ ಸಾ,” ಎಂದು ಚಿಕ್ಕಸ್ವಾಮಿ ಚುಚ್ಚಿಯೇಬಿಟ್ಟ. ಹಸು ಬಾಲ ಬೀಸಿ ಸೋಮಶೇಖರನ ಕೆನ್ನೆಗೊಂದು ಬಾರಿಸಿತು.

ಸೋಮಶೇಖರ ಸೈಕಲ್ ಹತ್ತಿ ಊರಿನ ಮೂರು ಔಷಧದಂಗಡಿ ಸುತ್ತಿದ. ಎಲ್ಲೂ ಇಲ್ಲ. ನರಸೀಪುರಕ್ಕೆ ಬಸ್ಸಿನಲ್ಲಿ ಹೋಗುವುದಕ್ಕೇ ಒಂದು ಗಂಟೆ ಬೇಕು. ವಾಪಸು ಬಂದಾಗ ಕಾಂಪೌಂಡಿನ ಆಚೆಯಿಂದ ಚೈತ್ರ ಕೂಗಿದಳು. “ರೀ, ನೆಂಟರು ಬಂದು ಕೂತಿದ್ದಾರೆ!” ನೆಂಟರೆಂದರೆ ಇಂಜೆಕ್ಷನ್ ಚುಚ್ಚಲು ಗುಟ್ಟಾಗಿ ಗೊತ್ತುಮಾಡಿದ್ದ ನರ್ಸ್ ಗೋವಿಂದಮ್ಮ. ಗಂಟೆ ಐದೂಮುಕ್ಕಾಲು.

ಅವನು ಮಲ್ಲಾಜಮ್ಮನ ಅಡುಗೆಮನೆಗೆ ನುಗ್ಗಿ, ಉಬ್ಬಸ ಬಂದವನಂತೆ ಹೇಳಿಬಿಟ್ಟ. “ಅಮ್ಮಾ, ಅದು ಹಸೂಗಲ್ಲ. ಚೈತ್ರಂಗೆ.”

ಮಲ್ಲಾಜಮ್ಮ ಬಾಯಿಗೆ ಸೆರಗಿಟ್ಟುಕೊಂಡರು. ಅತ್ತಿತ್ತ ನೋಡಿದರು. ಆಮೇಲೆ ಫ್ರಿಜ್ಜಿನ ತಳದ ಡ್ರಾಯರ್ ಎಳೆದು, ದಂಟಿನ ಸೊಪ್ಪಿನ ಅಡಿಯಿಂದ ಅಂಥದೇ ಇನ್ನೊಂದು ನೀಲಿ ಡಬ್ಬಿ ತೆಗೆದರು. ಅದರ ಮೇಲೂ ನರಸೀಪುರದ ಔಷಧದಂಗಡಿಯದೇ ಚೀಟಿ.

“ನಮ್ ಸೊಸೆ ಶ್ವೇತಂದು ಕಣಪ್ಪ. ನಾವೂ ಅಲ್ಲಿಗೇ ಓಯ್ತೀವಿ. ಯಾರಾರ ಕೇಳುದ್ರೆ ನಾನೂ ಹಸೂಗೆ ಅಂತಿದ್ದೆ. ಅದ ನಂಬ್ಕೊಂಡು ಆ ಚಿಕ್ಕಸ್ವಾಮಿ, ಕೊಡಿ ನಾನೇ ಚುಚ್ತೀನಿ ಅಂತ ಬಂದು ಕುಂತ್ಬುಟ್ಟ. ಇಲ್ಲ ಅಂದ್ರೆ ಯಾಕೆ ಅಂತಾನೆ. ನಿಮ್ದೆಂಗೂ ಹಸೂದೇ ಅಲ್ವಾ ಅಂತ ಅದ್ನೇ ಕೊಟ್ಬುಟ್ಟೆ.”

ಸೋಮಶೇಖರನಿಗೆ ಸಿಟ್ಟಿಗಿಂತ ಮೊದಲು ಆಸೆ ಬಂತು. ಕೈ ಚಾಚಿದ. ತಪ್ಪು ತನ್ನದೆಂದು ಮಲ್ಲಾಜಮ್ಮನೂ ಡಬ್ಬಿ ಚಾಚಿದರು. ನಡುವೆ ಬಳೆ ತೊಟ್ಟ ಮೂರನೆಯ ಕೈಯೊಂದು ಬಂದು ಡಬ್ಬಿಯನ್ನು ಹಾರಿಸಿಕೊಂಡು ಹೋಯಿತು.

“ನಂಗೂ ಇವತ್ತೇ, ಆರು ಗಂಟೆಗೇ,” ಎಂದಳು ಶ್ವೇತ, ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದು.

“ನಾಳೆ ಮೊದಲನೇ ಬಸ್ಸಿಗೇ ಹೋಗಿ ಎರಡು ತಂದುಕೊಡ್ತೀನಿ ಕಣಮ್ಮ! ಮೂರು ತರ್ತೀನಿ, ಐಸ್ ಸಮೇತ!” ಸೋಮಶೇಖರ ಅಂಗಲಾಚಿದ.

“ಬೇಡ. ನಾಳೆಗೆ ಹೊತ್ತು ತಪ್ಪೋಗಿರುತ್ತೆ,” ಎಂದು ಶ್ವೇತ ಡಬ್ಬಿ ಸಮೇತ ಒಳಗೆ ಹೋದಳು.