ಮುಖ್ಯ ವೀಕ್ಷಕಿ ಗಣಪಿ ಅಣ್ಣಪ್ಪ ನಾಯ್ಕ

'ಅತ್ತಿಗೆಯ ಅಂಗಳ' ಎಂಬ ಧಾರಾವಾಹಿಯು ಹದಿನೇಳು ವರ್ಷ ಟಿವಿಯಲ್ಲಿ ನಡೆದು, ಈ ವರ್ಷ ಗಾಂಧಿ ಜಯಂತಿಯ ಮರುದಿನದಿಂದ ಮೊಬೈಲಿನ ಆ್ಯಪಿಗೆ ಸ್ಥಳಾಂತರಗೊಂಡಿದೆ. ಟಿವಿಯಲ್ಲಿ ಆ ಹೊತ್ತಿಗೆ ಈಗ ತಳ ಹಿಡಿಯದ ಬಾಣಲೆ ಮಾರುತ್ತಾರೆ. ಇದರಿಂದ ಯಾರಿಗೂ ತೊಂದರೆ ಆಗಿಲ್ಲ ಎಂದು ಕಂಪನಿಯವರು ಪ್ರಕಟಣೆ ಕೊಟ್ಟಿದ್ದಾರೆ. ಪ್ರಕಟಣೆಯನ್ನು ಆ್ಯಪಿನಲ್ಲಿಯೇ ಕೊಟ್ಟದ್ದರಿಂದ ಆ್ಯಪು ಇಲ್ಲದವರಿಂದ ಒಂದು ತಕರಾರೂ ಬರಲಿಲ್ಲ.

ನಾನು ಶಿರಾಲಿಯವ. ಕಾಯಿ ಸುಲಿಯುವ ಕೆಲಸ. ಶಾಲೆಗೆ ಹೋದದ್ದು ಕಡಿಮೆ. ನನ್ನ ಹೆಂಡತಿ ಗಣಪಿ ಈ ಧಾರಾವಾಹಿಯನ್ನು ಮೊದಲ ದಿನದಿಂದ ನೋಡಿದವಳು. ಯುಗಾದಿ ಕಳೆದ ಮೇಲೆ ತೀರಿಕೊಂಡಳು. ಧಾರಾವಾಹಿ ಮುಗಿದಿರಲಿಲ್ಲ.

ಕಾರ್ಯದ ದಿನ ಎಡೆ ಇಟ್ಟೆವು. ತೀರಿಹೋದವರಿಗೆ ಬೇಕಾದ್ದನ್ನೆಲ್ಲ ಬಾಳೆಲೆಗೆ ಬಡಿಸಿ ಹೊರಗೆ ಇಡಬೇಕು. ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಅವರಿಗೆ ಎಂತದೋ ಆಸೆ ಉಳಿದಿದೆ ಎಂದು ಲೆಕ್ಕ. ಆಗ ಉಳಿದವರು, ಅದನ್ನು ನಡೆಸಿಕೊಡುತ್ತೇವೆ ಎಂದು ಮಾತು ಕೊಡಬೇಕು.

ಕಾಗೆ ತೆಂಗಿನ ಗರಿಯ ಮೇಲೆ ಕೂತಿತ್ತು. ಇಳಿಯಲಿಲ್ಲ. ಗಣಪಿಯ ತಂಗಿ ಮಾಲಿನಿ ಮುಂದೆ ಬಂದು, ಅಕ್ಕನಿಗೆ ತನ್ನ ಸರವನ್ನು ತಂಗಿಗೆ ಕೊಡಬೇಕು ಎಂಬ ಆಸೆ ಬಹಳ ಇತ್ತು ಎಂದಳು. ಕೊಡುತ್ತೇನೆ ಎಂದೆ. ಕಾಗೆ ಇಳಿಯಲಿಲ್ಲ. ಹಿತ್ತಲ ಮೂಲೆಯ ತೆಂಗಿನ ಮರದ ಬಗ್ಗೆಯೂ ಅತ್ತಿಗೆಗೆ ಏನಾದರೂ ಇದ್ದಿರಬಹುದು ಎಂದು ಮಾಲಿನಿಯ ಗಂಡ ಹೇಳಿದ. ಅದಕ್ಕೂ ಹೂಂ ಎಂದೆ. ಕಾಗೆ ಕೊಕ್ಕು ಉಜ್ಜಿಕೊಂಡಿತು. ಆಮೇಲೆ ನಾನೇ ಎದ್ದು ಹೇಳಿದೆ.

"ನಿನ್ನ ಧಾರಾವಾಹಿ ಮುಗಿವಲ್ಲಿವರೆಗೆ ನಾ ನೋಡ್ತೆ. ಕಡೆಗೆ ಎಂತ ಆತು ಅಂತ ನಿಂಗೆ ಹೇಳ್ತೆ."

ಕಾಗೆ ಇಳಿದು ಉಂಡಿತು.

ಸರವೂ ಮರವೂ ಮಾಲಿನಿಯ ಮನೆಯವರಲ್ಲೇ ಉಳಿದವು. ವಾಪಸು ಕೊಡಬೇಕು ಎಂದು ಕಾಗೆ ಹೇಳಿರಲಿಲ್ಲ.

ಅಂದಿನಿಂದ ದಿನಾ ಸಂಜೆ ಗಣಪಿಯ ಫೋಟೋವನ್ನು ಟಿವಿ ಕಡೆ ತಿರುಗಿಸಿ, ನಾನೂ ಪಕ್ಕದಲ್ಲಿ ಕೂತೆ. ಜಾಹೀರಾತು ಬಂದರೆ ಏಳಲಿಲ್ಲ. ಅವಳೂ ಏಳುತ್ತಿರಲಿಲ್ಲ. ಗಾಂಧಿ ಜಯಂತಿಯ ಮರುದಿನ ಬಾಣಲೆ ಬಂತು. ಕಥೆ ಇದರ ಒಳಗೇ ಎಲ್ಲಾದರೂ ಇದ್ದೀತು ಎಂದು ಬಾಣಲೆಯನ್ನು ಪೂರ್ತಿ ನೋಡಿದೆ. ಮರುದಿನವೂ ನೋಡಿದೆ. ಬಾಣಲೆ ಒಳ್ಳೆಯದೇ. ಕಡೆಗೆ ಮಾಲಿನಿ ಬಂದು, ಅದು ಮೊಬೈಲಿಗೆ ಹೋಗಿದೆ, ಹೊನ್ನಾವರದಲ್ಲಿ ಅದಕ್ಕೆಂದೇ ಆಫೀಸು ತೆಗೆದಿದ್ದಾರೆ ಎಂದು ತಿಳಿಸಿದಳು.

ಹೊನ್ನಾವರದ ಆಫೀಸಿಗೆ 'ವೀಕ್ಷಕರ ಸ್ಥಳಾಂತರ ಕೇಂದ್ರ' ಎಂದು ಹೆಸರು. ಬಸ್ ಸ್ಟ್ಯಾಂಡಿನ ಹತ್ತಿರ, ಬೇಕರಿಯ ಮಾಳಿಗೆಯಲ್ಲಿ ಇದೆ. ಬಾಗಿಲಲ್ಲಿ ಫಲಕ ಇತ್ತು. "ವೀಕ್ಷಕರನ್ನು ಗೌರವಪೂರ್ವಕವಾಗಿ ಸ್ಥಳಾಂತರಿಸಲಾಗುವುದು. ವೀಕ್ಷಕರು ಮನೆಯಿಂದ ಟಿವಿಯನ್ನು ಹೊತ್ತು ತರತಕ್ಕದ್ದಲ್ಲ." ಒಬ್ಬರು ಹೊತ್ತು ತಂದಿದ್ದರಂತೆ. ಅದು ಮೂಲೆಯಲ್ಲಿ ಇತ್ತು. ಅದರ ಮೇಲೆ ನೀರಿನ ಕ್ಯಾನು ಇಟ್ಟಿದ್ದರು.

ಕೇಂದ್ರದ ಮುಖ್ಯಸ್ಥ ವಿಶ್ವನಾಥ. ಮೊದಲು ಹೆದ್ದಾರಿ ಅಗಲ ಮಾಡುವಾಗ ಮನೆಗಳನ್ನು ಎಬ್ಬಿಸುವ ಕೆಲಸದಲ್ಲಿ ಇದ್ದವ. ಸ್ಥಳಾಂತರದ ಅನುಭವ ಇದೆ ಎಂದು ಕಂಪನಿಯವರು ಕರೆದುಕೊಂಡರು. ಮನೆಗಿಂತ ವೀಕ್ಷಕರು ಸುಲಭ, ಅಡಿಪಾಯ ಇರುವುದಿಲ್ಲ ಎಂದು ಹೇಳಿದ. ಒಳ್ಳೆಯ ಮನುಷ್ಯ. ಕೂರಿಸಿ ಮಾತಾಡಿದ.

ಯಂತ್ರದಲ್ಲಿ ನಮ್ಮ ಮನೆಯ ವಿವರ ಬಂತು. ಮುಖ್ಯ ವೀಕ್ಷಕಿ: ಗಣಪಿ ಅಣ್ಣಪ್ಪ ನಾಯ್ಕ. ಜೊತೆಗೆ ಕೂತವರು: ಒಬ್ಬರು. ಆ ಒಬ್ಬರು ನಾನು. ಹಿಂದೆ ಯಾವಾಗಲೋ ಕಂಪನಿಯ ಹುಡುಗಿಯರು ಮನೆ ಮನೆಗೆ ಬಂದು ಬರೆದುಕೊಂಡು ಹೋಗಿದ್ದರು. ಟಿವಿ ಕೆಳಗೆ ಒಂದು ಪೆಟ್ಟಿಗೆ ಇಟ್ಟು ಹೋಗಿದ್ದರು. ಯಾರು ಎಂತ ನೋಡಿದರು ಎಂದು ಪೆಟ್ಟಿಗೆ ದಿನಾ ಕಂಪನಿಗೆ ತಿಳಿಸುತ್ತದೆ.

ನಿಯಮ ಏನೆಂದರೆ, ಮುಖ್ಯ ವೀಕ್ಷಕರು ಸ್ವತಃ ಬಂದು ಮೊಬೈಲಿಗೆ ಮುಖ ತೋರಿಸಿ, ಆಯ್ದ ದೃಶ್ಯವೊಂದಕ್ಕೆ ಅಳಬೇಕು. ಇದಕ್ಕೆ ಕಣ್ಣೀರು ಪರಿಶೀಲನೆ ಎಂದು ಹೆಸರು. ಸುಳ್ಳು ವೀಕ್ಷಕರು ಬಹಳ ಆಗಿದ್ದಾರಂತೆ. ಅತ್ತವರಿಗೆ ಧಾರಾವಾಹಿ ಪುಕ್ಕಟೆ. ಅವರ ಜೊತೆಗೆ ಕೂತವರೂ ಕೂರಬಹುದು.

ಗಣಪಿ ಬರಲಿಕ್ಕೆ ಆಗುವುದಿಲ್ಲ, ತೀರಿಹೋಗಿದ್ದಾಳೆ ಎಂದೆ. ಯಾವಾಗ ಎಂದು ಕೇಳಿದ. ಹೇಳಿದೆ. ವಿಶ್ವನಾಥ ಯಂತ್ರವನ್ನು ಬಗ್ಗಿ ನೋಡಿದ.

"ಇಲ್ಲ ಅಣ್ಣಪ್ಪಣ್ಣ. ಮೊನ್ನೆವರೆಗೂ ನೋಡಿದ್ರಲ್ಲ ಅವ್ರು. ಬಾಣಲೆಯನ್ನೂ ನೋಡಿದ್ರು."

"ಅದು ನಾನು ಸರ್."

"ನಿಮ್ದು ಕೂರೂದು ಮಾತ್ರ. ನೋಡೂದು ಅವ್ರದ್ದು."

ಪಂಚಾಯ್ತಿಯವರು ಕೊಟ್ಟ ಮರಣದ ಸರ್ಟಿಫಿಕೇಟು ತೋರಿಸಿದೆ. ಎರಡೂ ಕೈಯಲ್ಲಿ ಹಿಡಿದು ಓದಿದ. ಪಾಪ ಎಂದ. ಮಡಚಿ ವಾಪಸು ಕೊಟ್ಟ. ಗೋಡೆಯ ಮೇಲಿನ ನಿಯಮವನ್ನು ನನಗೋಸ್ಕರ ನಿಧಾನ ಓದಿದ. "ವೀಕ್ಷಕರ ಸಂಖ್ಯೆ ಕಡಿಮೆಯಾಗುವಂಥ ಯಾವುದೇ ಮರಣವನ್ನು ಕೇಂದ್ರವು ಸ್ವೀಕರಿಸತಕ್ಕದ್ದಲ್ಲ."

ಜಾಹೀರಾತಿನವರು ತಲೆ ಎಣಿಸುತ್ತಾರೆ, ತಲೆ ಇಳಿದರೆ ಸೋಪು ಇಳಿಯುತ್ತದೆ, ಸೋಪು ಇಳಿದರೆ ಕಂಪನಿ ಇಳಿಯುತ್ತದೆ ಎಂದು ವಿವರಿಸಿದ. ಹೊನ್ನಾವರ ತಾಲೂಕಿನಲ್ಲಿ ಈ ತಿಂಗಳು ಒಬ್ಬರೂ ಸತ್ತಿಲ್ಲ, ಭಟ್ಕಳದವರೇ ಸ್ವಲ್ಪ ಹಿಂದೆ ಎಂದು ಬೇಸರ ಮಾಡಿಕೊಂಡ.

ಬೆಂಚಿನಲ್ಲಿ ಮಾವಳ್ಳಿಯ ದುರ್ಗ ಎಂಬವರು ಕೂತಿದ್ದರು. ಮೀನಿನ ಕೆಲಸದವರು. ಕಳೆದ ದೀಪಾವಳಿಗೆ ತೀರಿಹೋದ ತಾಯಿಯ ಪರವಾಗಿ, ಮೇಲಿನವರ ಒಪ್ಪಿಗೆ ತಂದು, ಅಳಲಿಕ್ಕೆ ಬಂದಿದ್ದರು. ದೃಶ್ಯ ಶುರುವಾಗುವ ಮೊದಲೇ ಅತ್ತದ್ದರಿಂದ ತಿರಸ್ಕೃತರಾಗಿದ್ದರು. ಮತ್ತೆ ಪ್ರಯತ್ನಿಸಲು ಅವಕಾಶ ಇದೆ ಎಂದು ಕಾಯುತ್ತಿದ್ದರು.

ನಾನು ಕಾಗೆಯ ವಿಷಯ ಹೇಳಿದೆ. ಮಾತು ಕೊಟ್ಟಿದ್ದೇನೆ, ಕಡೆ ಎಂತ ಆಯಿತು ಎಂದು ಅವಳಿಗೆ ತಿಳಿಸಬೇಕು, ಅದಕ್ಕೆ ನೋಡಲಿಕ್ಕೆ ಬಿಡಿ ಎಂದೆ. ವಿಶ್ವನಾಥ ನಗಲಿಲ್ಲ. ಅವನ ತಾಯಿಯ ಎಡೆಯನ್ನೂ ಕಾಗೆ ಬಹಳ ಹೊತ್ತು ಮುಟ್ಟಿರಲಿಲ್ಲವಂತೆ. ಜೊತೆಗೆ ಕೂತವರನ್ನು ಹಂಗಾಮಿ ವೀಕ್ಷಕರನ್ನಾಗಿ ಮೇಲೆ ತೆಗೆಯುವ ಅಧಿಕಾರ ಕುಮಟಾದ ವಿಭಾಗೀಯ ಅಧಿಕಾರಿಗೆ ಮಾತ್ರ ಇದೆ ಎಂದ. ಅಲ್ಲಿ ಪರೀಕ್ಷೆ ಇರುತ್ತದೆ. ಮುಖ್ಯ ವೀಕ್ಷಕಿಯನ್ನೂ ಕರೆದುಕೊಂಡು ಹೋಗಬೇಕು, ಕಷ್ಟ ಆದರೆ ಫೋಟೋ ಆದೀತು ಎಂದ.

ಫೋಟೋವನ್ನು ಟವೆಲಿನಲ್ಲಿ ಸುತ್ತಿಕೊಂಡು ಕುಮಟಾಕ್ಕೆ ಹೋದೆ. ವಿಭಾಗೀಯ ಅಧಿಕಾರಿ ಸುಚಿತಾ ಮೇಡಂ. ಎಸಿ ಇರುವ ಕೋಣೆ. ಫೋಟೋಕ್ಕೂ ಒಂದು ಕುರ್ಚಿ ಹಾಕಿಸಿದರು. ನನ್ನನ್ನು ಕೂರಿಸಿ ಬಾಯಿಮಾತಿನಲ್ಲೇ ಪರೀಕ್ಷೆ ತೆಗೆದುಕೊಂಡರು. ಧಾರಾವಾಹಿಯಲ್ಲಿ ಭೂಪತಿ ಯಾರು ಎಂದು ಕೇಳಿದರು.

"ಹಾಳು ಬಿದ್ದವ," ಎಂದೆ.

ವಸುಧಾಗೂ ಮೋಹಿನಿಗೂ ಏನು ಸಂಬಂಧ ಎಂದು ಕೇಳಿದರು.

"ವಸುಧಾ ನಮ್ಮ ಹೆಣ್ಣು. ಮೋಹಿನಿ ಬಣ್ಣ ಬಳಿದ ಬೇಲಿಗೂಟ."

ಮೇಡಂ ಪೆನ್ನು ಕೆಳಗಿಟ್ಟರು. ಇದು ಉತ್ತರ ಆಗುವುದಿಲ್ಲ, ಇಷ್ಟು ವರ್ಷ ನೀವು ನೋಡಿದ್ದು ಎಂತ ಎಂದು ವಿಚಾರಿಸಿದರು. ಇದ್ದದ್ದು ಹೇಳಿದೆ. ನಮ್ಮಲ್ಲಿ ಬಲ್ಬು ಇರುವುದು ಟಿವಿ ಪಕ್ಕದ ಗೋಡೆಗೆ. ಅದರ ಬುಡದಲ್ಲಿ ಕೂತು ನಾನು ಗರಿಯ ಕಡ್ಡಿ ಎಳೆದು ಪೊರಕೆ ಕಟ್ಟುತ್ತಿದ್ದೆ. ಟಿವಿ ನನ್ನ ಬೆನ್ನಿಗೆ. ಎದುರಿಗೆ ಗಣಪಿ. ನಾನು ನೋಡಿದ್ದು ಅವಳನ್ನು. ಸೆರಗು ಬಾಯಿಗೆ ಹೋದರೆ ವಸುಧಾಗೆ ಕಷ್ಟ ಬಂತು ಎಂದು ಗೊತ್ತಾಗುತ್ತಿತ್ತು. ಬೀನ್ಸು ಮುರಿಯುವ ಕೈ ನಿಂತರೆ ಭೂಪತಿ ಬಂದ. "ಸಾಯ್ಲಿ" ಎಂದು ಎದ್ದರೆ ಅವತ್ತಿನದು ಮುಗಿಯಿತು. ಉಳಿದದ್ದನ್ನು ಊಟಕ್ಕೆ ಕೂತಾಗ ಅವಳೇ ಹೇಳುತ್ತಿದ್ದಳು. ಈ ಯುಗಾದಿಯ ಮೇಲೆ ಮಾತ್ರ ನಾನು ಟಿವಿ ಕಡೆ ಕೂತದ್ದು. ಆಮೇಲೆಯೂ ಅವರ ಹೆಸರು ಹೀಗೇ ನೆನಪು.

ಸುಚಿತಾ ಮೇಡಂ ಮೇಲಿನವರಿಗೆ ಫೋನು ಮಾಡಿದರು. ಬಹಳ ಹೊತ್ತು ಇಂಗ್ಲಿಷಿನಲ್ಲಿ ಮಾತಾಡಿದರು. ನಂತರ ತೀರ್ಮಾನ ತಿಳಿಸಿದರು. ಉತ್ತರಗಳು ಅಭ್ಯರ್ಥಿಯವು ಅಲ್ಲ, ಮುಖ್ಯ ವೀಕ್ಷಕಿಯವು. ಮುಖ್ಯ ವೀಕ್ಷಕಿಯ ಅಭಿಪ್ರಾಯಗಳು ಈಗಲೂ ಚಾಲ್ತಿಯಲ್ಲಿ ಇರುವುದು ಇದರಿಂದ ಕಂಡುಬರುತ್ತದೆ. ಆದ ಕಾರಣ ಅಣ್ಣಪ್ಪ ಅನುತ್ತೀರ್ಣ. ಗಣಪಿ ಉತ್ತೀರ್ಣ.

ಉಳಿದದ್ದು ಕಣ್ಣೀರು. ಫೋಟೋವನ್ನು ಮೊಬೈಲಿನ ಎದುರು ನಿಲ್ಲಿಸಿದರು. ಮಾಲೆ ಹಾಕಿದ ವೀಕ್ಷಕರನ್ನು ಯಂತ್ರವು ಮದುಮಗಳು ಎಂದು ತಿಳಿಯುತ್ತದೆ, ತೆಗೆಯಿರಿ ಎಂದರು. ಮಾಲೆ ತೆಗೆದೆ. ಮುಖ ಫೋಟೋದ್ದು, ಕಣ್ಣೀರು ಪಕ್ಕದವರದ್ದು ಆದರೂ ನಡೆಯುತ್ತದೆ ಎಂದು ಮೇಲಿನವರು ಒಪ್ಪಿದ್ದರು. ಆಯ್ದ ದೃಶ್ಯ ಹಾಕಿದರು. ವಸುಧಾ ಚೀಲ ಹಿಡಿದುಕೊಂಡು ಮನೆ ಬಿಟ್ಟು ಹೊರಟಳು. ನಾನು ನೋಡಿದೆ. ಅಳು ಬರಲಿಲ್ಲ. ಯಂತ್ರದಲ್ಲಿ ಕೆಂಪು ದೀಪ ಬಂತು. ಮತ್ತೆ ಹಾಕಿದರು. ಮತ್ತೆ ಹೊರಟಳು. ಕೆಂಪು. ಹೊರಟವಳು ಬಾಗಿಲು ಹಾಕಲಿಲ್ಲ ಎಂದು ಮಾತ್ರ ನನಗೆ ಕಂಡಿತು.

ಅಷ್ಟರಲ್ಲಿ ಚಾ ಬಂತು. ಮೇಡಂ ಒಂದು ಗುಟುಕು ಕುಡಿದು, ಸುಮ್ಮನೆ ಮಾತಿಗೆ ಕೇಳಿದರು.

"ಇದನ್ನ ನೋಡಿ ಅವ್ರು ಎಂತ ಹೇಳ್ತಿದ್ರು ನಾಯ್ಕರೇ?"

"ಟಿವಿಗೆ ಎಂತದೂ ಹೇಳ್ತಿರ್ಲಿಲ್ಲ. ನನ್ನ ಹತ್ರ ಹೇಳ್ತಿದ್ದಳು. ನಾ ಮೊದ್ಲು ಹೋದ್ರೆ ನಿಮ್ಗೆ ಕಥೆ ಹೇಳೂದು ಯಾರು, ಅಂತ."

ಯಂತ್ರ ಹಸಿರಾಯಿತು.

ಸ್ವೀಕೃತ ಎಂದು ಮೇಡಂ ಹೇಳಿದರು. ದೃಶ್ಯ ಆಗಲೇ ಮುಗಿದು ಸೋಪಿನ ಜಾಹೀರಾತು ನಡೆಯುತ್ತಿತ್ತು. ಜಾಹೀರಾತಿಗೆ ಅಳುವ ವೀಕ್ಷಕಿ ವಿಭಾಗದಲ್ಲಿ ಈವರೆಗೆ ಇರಲಿಲ್ಲವಂತೆ. ಸೋಪಿನವರಿಗೆ ವಿಷಯ ಹೋಯಿತು. ಅವರು ಸಂತೋಷಪಟ್ಟು ಗಣಪಿಯ ಹೆಸರಿಗೆ ಒಂದು ಟ್ಯಾಬು ಮಂಜೂರು ಮಾಡಿದರು. ತಿಂಗಳು ತಿಂಗಳು ಸೋಪೂ ಬರುತ್ತದೆ.

ಹೊರಡುವಾಗ ಕೇಳಿದೆ. ಧಾರಾವಾಹಿ ಮುಗಿಯುವುದು ಯಾವಾಗ.

ಮೇಡಂಗೆ ಪ್ರಶ್ನೆ ಅರ್ಥ ಆಗಲಿಲ್ಲ. ಬಿಡಿಸಿ ಹೇಳಿದೆ. ಮುಖ್ಯ ವೀಕ್ಷಕರು ಇರುವವರೆಗೆ ಮುಗಿಯುವಂತಿಲ್ಲ ಎಂದರು. ಮುಖ್ಯ ವೀಕ್ಷಕರು ಸಾಯುವಂತಿಲ್ಲವಲ್ಲ ಎಂದೆ. ಹೌದು, ಹಾಗಾಗಿಯೇ ಮುಗಿಯುವುದಿಲ್ಲ ಎಂದರು. ಕೊಟ್ಟ ಮಾತು ಇತ್ತು. ಅದನ್ನೂ ಹೇಳಿದೆ.

ಮೇಡಂ ಬಾಗಿಲು ಹಾಕಿಬಂದರು. ಒಂದು ಗುಂಡಿ ಇದೆ ಎಂದರು. ಅದಕ್ಕೆ 'ಸಾಕು' ಎಂದು ಹೆಸರು. ಒತ್ತಿದರೆ ಆ ಒಬ್ಬ ವೀಕ್ಷಕಿಗೆ ಮಾತ್ರ ಕಡೆಯ ಕಂತು ತೋರಿಸುತ್ತಾರೆ. ಚಿತ್ರೀಕರಣ ಮೊದಲೇ ಮಾಡಿ ಇಟ್ಟಿದ್ದಾರೆ. ಅದರಲ್ಲಿ ಎಲ್ಲ ಸರಿಹೋಗುತ್ತದೆ. ಅದು ಮುಗಿದ ಕೂಡಲೇ ವೀಕ್ಷಕಿಯ ಹೆಸರು ಅಳಿಸಿಹೋಗುತ್ತದೆ, ಮತ್ತೆ ಎಲ್ಲಿಯೂ ಸಿಗುವುದಿಲ್ಲ.

"ಮರಣ ನಾವು ಸ್ವೀಕರಿಸೂದಿಲ್ಲ," ಎಂದರು. "ಸಾಕಾದ್ರೆ ಸ್ವೀಕರಿಸ್ತೇವೆ."

ಫೋಟೋವನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದೆ.

ಈಗ ಎಲ್ಲ ಸುಸೂತ್ರ ನಡೆದಿದೆ. ಟ್ಯಾಬನ್ನು ಟಿವಿಗೆ ಒರಗಿಸಿ ಇಟ್ಟಿದ್ದೇನೆ. ಟಿವಿ ಹೀಗೆ ಉಪಯೋಗಕ್ಕೆ ಬಂತು. ಶಿರಾಲಿ ಪೇಟೆಯಲ್ಲಿ 'ತಾಲೂಕಿನ ನಿಷ್ಠಾವಂತ ಮುಖ್ಯ ವೀಕ್ಷಕಿ' ಎಂದು ಗಣಪಿಯ ಬ್ಯಾನರು ಕಟ್ಟಿದ್ದಾರೆ. ಪಂಚಾಯ್ತಿಯವರು ಬಂದು ಬ್ಯಾನರಿಗೆ ಮಾಲೆ ಹಾಕಲು ಹೊರಟಿದ್ದರು. ಮಾಲೆ ಹಾಕಬಾರದು ಎಂದು ವಿಶ್ವನಾಥ ಫೋನಿನಲ್ಲಿ ತಡೆದ. ಅವರು ಶಾಲು ಹೊದಿಸಿದರು. ಪಂಚಾಯ್ತಿಯಲ್ಲಿ ಅವಳ ಮರಣವೂ ಕುಮಟಾದಲ್ಲಿ ಅವಳ ವೀಕ್ಷಣೆಯೂ ದಾಖಲಾಗಿವೆ. ಎರಡು ಬೇರೆ ಬೇರೆ ಇಲಾಖೆ ಆದ್ದರಿಂದ ಅಡ್ಡಿ ಇಲ್ಲ. ಮಾವಳ್ಳಿಯ ದುರ್ಗ ಸರಿಯಾದ ಹೊತ್ತಿಗೆ ಅಳುವುದನ್ನು ಕಲಿತು ಪಾಸಾದರು. ಅವರ ತಾಯಿಯೂ ಈಗ ನೋಡುತ್ತಾರೆ. ಸೋಪು ಬಂದ ದಿನ ಮಾಲಿನಿ ಒಯ್ಯುತ್ತಾಳೆ. ಅಕ್ಕನಿಗೆ ಆ ಸೋಪಿನ ವಾಸನೆ ಆಗುತ್ತಿರಲಿಲ್ಲ ಎಂದು ಅವಳಿಗೆ ಗೊತ್ತಿದೆ.

ಬಸ್ಸಿಗೆ ನಿಂತವರು ಬ್ಯಾನರು ನೋಡಿ, ಗಣಪಿ ಹೇಗಿದ್ದಾಳೆ ಎಂದು ನನ್ನನ್ನು ಕೇಳುತ್ತಾರೆ. ನೋಡ್ತಾ ಇದ್ದಾಳೆ ಎನ್ನುತ್ತೇನೆ. ಆತು, ಕೇಳಿದೆ ಅಂತ ಹೇಳಿ ಎಂದು ಬಸ್ಸು ಹತ್ತುತ್ತಾರೆ.

ಸಂಜೆ ಮಾಲಿನಿಯೂ ಅಕ್ಕಪಕ್ಕದವರೂ ಬಂದು ಸೇರುತ್ತಾರೆ. ಟಿವಿಯಲ್ಲಿ ದಿನಕ್ಕೆ ಒಂದೇ ಕಂತು ಇತ್ತು. ಆ್ಯಪಿನಲ್ಲಿ ಹಳೆಯದೂ ಸೇರಿ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತದೆ. ಕೆಲವು ಕಂತು ಆದ ಮೇಲೆ ಅದು ತಾನಾಗಿ ನಿಂತು, ಅಕ್ಷರದಲ್ಲಿ ಕೇಳುತ್ತದೆ. "ಗಣಪಿಯವರೇ, ನೀವು ಇನ್ನೂ ನೋಡುತ್ತಿದ್ದೀರಾ?" ಕೆಳಗೆ ಎರಡು ಗುಂಡಿ. ಹೌದು. ಸಾಕು.

ಎಲ್ಲರೂ ಒಮ್ಮೆ ಫೋಟೋದ ಕಡೆ ನೋಡುತ್ತಾರೆ, ಆಮೇಲೆ ನನ್ನ ಕಡೆ.

"ಬೇಗ ಒತ್ತಿ ಭಾವ," ಎನ್ನುತ್ತಾಳೆ ಮಾಲಿನಿ. "ಅಕ್ಕ ಕಾಯ್ತಾ ಇದ್ದಾಳೆ."

ಕೈ ಒರೆಸಿಕೊಂಡು, ಹೌದು ಎಂಬುದನ್ನು ಒತ್ತುತ್ತೇನೆ.